ಕೆನಡಾದ ಪ್ರೇರಿ ಬಯಲಿನ ಸಣ್ಣ ನೀರುಗುಂಡಿಗಳನ್ನು ಉಳಿಸೋಣ: ಇಲ್ಲಿನ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ರೆಜೈನಾ, ಸಸ್ಕಟೂನ್, ವಿನಿಪೆಗ್, ಕ್ಯಾಲ್ಗರಿ, ಎಡ್ಮಂಟನ್‌ಗಳಲ್ಲಿ ನೆಲೆಸಿರುವ ಕನ್ನಡ ಬಂಧುಗಳೇ,

ನಮಸ್ಕಾರ.

ಊರು ದಾಟಿ ಹೆದ್ದಾರಿ ಹಿಡಿದರೆ ಎರಡೂ ಬದಿಯ ಹೊಲಗಳ ನಡುವೆ ಸಣ್ಣ ಸಣ್ಣ ನೀರಿನ ಗುಂಡಿಗಳು ಕಾಣುತ್ತವೆ, ಅಲ್ವಾ? ಸುತ್ತ ಜೊಂಡು, ಅಂಚಿಗೆ ಒಂದಿಷ್ಟು ವಿಲೋ ಪೊದೆ, ನಡುವೆ ನೀರು. ಇಲ್ಲಿನ ರೈತರು ಅವನ್ನು ಸ್ಲೂ ಅನ್ನುತ್ತಾರೆ. ಗಡಿಯಾಚೆ ಅಮೆರಿಕದಲ್ಲಿ ಪಾಟ್‌ಹೋಲ್ ಅನ್ನುತ್ತಾರೆ. ಎಷ್ಟೋ ಸ್ಲೂಗಳು ಒಂದು ಎಕರೆಯಷ್ಟೂ ಇರುವುದಿಲ್ಲ. ಜುಲೈ ಹೊತ್ತಿಗೆ ಒಣಗಿಹೋಗುವುದೂ ಉಂಟು. ನಾನು ಈ ಪತ್ರ ಬರೆಯುತ್ತಿರುವುದು ಅವುಗಳ ಪರವಾಗಿ. ಕಾಲುವೆ ತೋಡಿ ಅವನ್ನು ಬರಿದು ಮಾಡುವ ಕೆಲಸ ದಶಕಗಳಿಂದ ನಡೆದಿದೆ, ಇನ್ನೂ ನಿಂತಿಲ್ಲ. ತಡೆಯುವ ನಿಯಮ ಮಾಡಬೇಕಾದವರು ನಮ್ಮ ಪ್ರಾಂತ್ಯಗಳ ಸರ್ಕಾರಗಳು. ಆ ಸರ್ಕಾರಗಳನ್ನು ಆರಿಸುವವರಲ್ಲಿ ಈಗ ನಮ್ಮಲ್ಲಿ ಬಹಳ ಜನ ಇದ್ದೇವೆ.

ಈ ವಿಷಯವನ್ನು ಇಂಗ್ಲಿಷಿನಲ್ಲಿ ಬರೆಯುವವರು ಬೇಕಾದಷ್ಟಿದ್ದಾರೆ. ನಾನು ಕನ್ನಡದಲ್ಲಿ ಬರೆಯಲು ಕಾರಣವಿದೆ. ನಮ್ಮ ಯುಗಾದಿ, ರಾಜ್ಯೋತ್ಸವದ ಕೂಟಗಳಲ್ಲಿ ಮನೆ ಸಾಲ, ಕೆಲಸ, ಮಕ್ಕಳ ಶಾಲೆ, ಊರಿಗೆ ಹೋಗುವ ಟಿಕೆಟ್ ಎಲ್ಲ ಮಾತಿಗೆ ಬರುತ್ತವೆ. ನಾವು ನಿಂತಿರುವ ಈ ನೆಲದ ಮಾತು ಮಾತ್ರ ಬರುವುದೇ ಇಲ್ಲ. ಇಲ್ಲೇ ಮಕ್ಕಳನ್ನು ಬೆಳೆಸುತ್ತಿದ್ದೇವೆ. ಇಲ್ಲಿನ ನೀರು ಕುಡಿಯುತ್ತಿದ್ದೇವೆ. ಇನ್ನೂ ಎಷ್ಟು ದಿನ ಇದು ಬೇರೆಯವರ ಊರು ಅಂದುಕೊಂಡಿರುವುದು?

ಮೊದಲು ಈ ಗುಂಡಿಗಳು ಎಲ್ಲಿಂದ ಬಂದವು ಎಂದು ಹೇಳಿಬಿಡುತ್ತೇನೆ. ನೆಲದ ಲೆಕ್ಕದಲ್ಲಿ ಪ್ರೇರಿ ತುಂಬಾ ಎಳೆಯದು. ಹದಿನೈದು ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಇಲ್ಲೆಲ್ಲ ದಪ್ಪ ಹಿಮದ ಹಾಸು ಇತ್ತು. ಅದು ಉತ್ತರಕ್ಕೆ ಸರಿಯುವಾಗ ದೊಡ್ಡ ದೊಡ್ಡ ಮಂಜುಗಡ್ಡೆಗಳು ಮಣ್ಣು-ಕಲ್ಲಿನ ರಾಶಿಯೊಳಗೆ ಸಿಕ್ಕಿಕೊಂಡವು. ಅವು ಕರಗಿದ ಜಾಗದಲ್ಲಿ ತಗ್ಗುಗಳು ಉಳಿದವು. ಇಂಥ ಲಕ್ಷಾಂತರ ತಗ್ಗುಗಳ ಸೀಮೆ ಆಲ್ಬರ್ಟಾ, ಸಸ್ಕಾಚೆವಾನ್, ಮ್ಯಾನಿಟೋಬಾಗಳಿಂದ ಹಿಡಿದು ಮೊಂಟಾನಾ, ಎರಡೂ ಡಕೋಟಾ, ಮಿನ್ನೆಸೋಟಾ, ಅಯೋವಾವರೆಗೆ ಹಬ್ಬಿದೆ. ಸುಮಾರು 7 ಲಕ್ಷ ಚದರ ಕಿಲೋಮೀಟರ್. ಕರ್ನಾಟಕದ ಮೂರೂವರೆ ಪಟ್ಟು. ಇಷ್ಟು ಎಳೆಯ ನೆಲದಲ್ಲಿ ಹಳ್ಳ-ಹೊಳೆಗಳು ದಾರಿ ಕೊರೆದುಕೊಳ್ಳಲು ಇನ್ನೂ ಸಮಯ ಸಾಕಾಗಿಲ್ಲ. ಹಾಗಾಗಿ ಮಾಮೂಲಿ ವರ್ಷಗಳಲ್ಲಿ ಇಲ್ಲಿನ ಬಹಳಷ್ಟು ಹೊಲಗಳ ನೀರು ಯಾವ ನದಿಗೂ ಸೇರುವುದಿಲ್ಲ. ಬಿದ್ದಲ್ಲೇ ನಿಲ್ಲುತ್ತದೆ, ಇಂಗುತ್ತದೆ, ಆವಿಯಾಗುತ್ತದೆ. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಉತ್ತರ ಅಮೆರಿಕದ ಬಾತುಗಳಲ್ಲಿ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಹುಟ್ಟುವುದು ಈ ಸೀಮೆಯಲ್ಲೇ. ಚಳಿಗಾಲವನ್ನು ಟೆಕ್ಸಸ್, ಲೂಯಿಸಿಯಾನಾ, ಕ್ಯಾಲಿಫೋರ್ನಿಯಾ, ಮೆಕ್ಸಿಕೋಗಳಲ್ಲಿ ಕಳೆದ ಹಕ್ಕಿಗಳು ಮೊಟ್ಟೆಯಿಡಲು ಇಷ್ಟು ದೂರ ಹಾರಿ ಬರುತ್ತವೆ. ಯಾಕೆ? ಉತ್ತರ ಆ ಸಣ್ಣ ಗುಂಡಿಯಲ್ಲಿದೆ.

ಏಪ್ರಿಲ್‌ನಲ್ಲಿ ಹಿಮ ಕರಗುವಾಗ ಕೆಳಗಿನ ಮಣ್ಣು ಇನ್ನೂ ಹೆಪ್ಪುಗಟ್ಟಿರುತ್ತದೆ. ನೀರು ಇಂಗಲಾರದೆ ತಗ್ಗಿಗೆ ಹರಿದು ನಿಲ್ಲುತ್ತದೆ. ದೊಡ್ಡ ಕೆರೆಗಳ ಮೇಲೆ ಆಗ ಇನ್ನೂ ಮಂಜಿನ ಹೊದಿಕೆ. ಮೊಣಕಾಲುದ್ದವೂ ಇಲ್ಲದ ಈ ನೀರಿಗೆ ಮಾತ್ರ ಬಿಸಿಲು ಬೇಗ ತಾಗುತ್ತದೆ. ಬಸವನಹುಳು, ನೀರಹುಳು, ಸೀಗಡಿಯಂಥ ಸಣ್ಣ ಜೀವಿಗಳು ಒಮ್ಮೆಲೇ ಹುಟ್ಟಿಕೊಳ್ಳುತ್ತವೆ. ಸಾವಿರಾರು ಮೈಲಿ ಹಾರಿ ಬಂದ ಹೆಣ್ಣು ಬಾತಿಗೆ ಮೊಟ್ಟೆ ಕಟ್ಟಲು ಬೇಕಾದ ಪ್ರೋಟೀನು, ಸುಣ್ಣದಂಶ ಸಿಗುವುದು ಇಲ್ಲಿಂದ. ಇನ್ನೊಂದು ವಿಷಯ. ಮಲ್ಲಾರ್ಡ್‌ನಂಥ ಬಾತಿನ ಜೋಡಿ ತನ್ನ ನೀರಿನಲ್ಲಿ ತನ್ನದೇ ಜಾತಿಯ ಇನ್ನೊಂದು ಜೋಡಿಯನ್ನು ಸಹಿಸುವುದಿಲ್ಲ. ಹಾಗಾಗಿ ಹತ್ತು ಎಕರೆಯ ಒಂದು ಕೆರೆಗಿಂತ ಒಂದೊಂದು ಎಕರೆಯ ಹತ್ತು ಗುಂಡಿಗಳಲ್ಲಿ ಎಷ್ಟೋ ಪಾಲು ಜಾಸ್ತಿ ಜೋಡಿಗಳು ಸಂಸಾರ ಹೂಡುತ್ತವೆ. ಮರಿಗಳಾದ ಮೇಲೆ ತಾಯಿ ಅವನ್ನು ನಡೆಸಿಕೊಂಡು ಜೊಂಡು ಜಾಸ್ತಿ ಇರುವ, ಬೇಸಿಗೆಯಿಡೀ ನೀರು ನಿಲ್ಲುವ ಗುಂಡಿಗೆ ಹೋಗುತ್ತದೆ. ಸಣ್ಣದು, ದೊಡ್ಡದು, ಬೇಗ ಒಣಗುವುದು, ತಡವಾಗಿ ಒಣಗುವುದು ಎಲ್ಲವೂ ಹತ್ತಿರ ಹತ್ತಿರ ಇರಬೇಕು.

ಒಣಗುವ ಗುಂಡಿ ಸತ್ತ ಗುಂಡಿ ಅಂದುಕೊಳ್ಳಬೇಡಿ. ಒಂದೆರಡು ವರ್ಷ ಒಣಗಿದಾಗ ತಳದ ಮಣ್ಣಿನಲ್ಲಿ ಮಲಗಿದ್ದ ಬೀಜಗಳು ಮೊಳೆಯುತ್ತವೆ, ಕೊಳೆತ ಗಿಡದ ಸಾರ ಮಣ್ಣಿಗೆ ಸೇರುತ್ತದೆ. ಮತ್ತೆ ನೀರು ಬಂದ ವರ್ಷ ಅಲ್ಲಿ ಹುಳು-ಹುಪ್ಪಟೆಗಳ ಸುಗ್ಗಿ. ಆದರೆ ಕಾಲುವೆ ತೋಡುವವರು ಬರುವುದು ಹೆಚ್ಚಾಗಿ ಆ ಒಣ ವರ್ಷಗಳಲ್ಲೇ. ನೋಡಿದವರಿಗೂ ಅಲ್ಲಿ ಏನೂ ಹೋದಂತೆ ಕಾಣುವುದಿಲ್ಲ.

ಬಾತುಗಳಷ್ಟೇ ಇವನ್ನು ನಂಬಿಲ್ಲ. ಕಪ್ಪು ಟರ್ನ್ ಹಕ್ಕಿ ತೇಲುವ ಜೊಂಡಿನ ಮೇಲೆ ಗೂಡು ಕಟ್ಟುತ್ತದೆ. ಪೈಪಿಂಗ್ ಪ್ಲವರ್ ಎಂಬ ಪುಟ್ಟ ಹಕ್ಕಿ ಉಪ್ಪುನೀರಿನ ಕೆರೆಗಳ ಬಿಳಿ ದಂಡೆಯ ಮೇಲೆ ಮೊಟ್ಟೆಯಿಡುತ್ತದೆ. ಕೆನಡಾದ ಅಳಿವಿನಂಚಿನ ಪಟ್ಟಿಯಲ್ಲಿ ಅದಿದೆ. ವಿಲ್ಸನ್ಸ್ ಫ್ಯಾಲರೋಪ್ ಎಂಬ ಹಕ್ಕಿಯಲ್ಲಿ ಹೆಣ್ಣಿಗೇ ಬಣ್ಣ ಜಾಸ್ತಿ, ಕಾವು ಕೂರುವುದು ಗಂಡು. ನನಗೆ ತುಂಬಾ ಇಷ್ಟದ ಹಕ್ಕಿ ಅದು. ಇಲ್ಲಿ ಮರಿ ಮಾಡಿ ದಕ್ಷಿಣ ಅಮೆರಿಕದ ಉಪ್ಪು ಕೆರೆಗಳವರೆಗೆ ಹಾರುತ್ತದೆ. ವೂಪಿಂಗ್ ಕ್ರೇನ್ ಎಂಬ ಎತ್ತರದ ಬಿಳಿ ಕೊಕ್ಕರೆಯ ಕಥೆ ನಿಮಗೆ ಗೊತ್ತಿರಬಹುದು. 1941ರಲ್ಲಿ ಇಡೀ ಜಗತ್ತಿನಲ್ಲಿ ಉಳಿದದ್ದು ಇಪ್ಪತ್ತರ ಆಸುಪಾಸು ಮಾತ್ರ. ಈಗ ಉತ್ತರ ಕೆನಡಾದ ವುಡ್ ಬಫಲೋ ಉದ್ಯಾನದಿಂದ ಟೆಕ್ಸಸ್ಸಿಗೆ ಹೋಗಿಬರುವ ಹಿಂಡಿನಲ್ಲೇ 500ಕ್ಕಿಂತ ಜಾಸ್ತಿ ಇವೆ. ಶರತ್ಕಾಲದಲ್ಲಿ ಅವು ವಾರಗಟ್ಟಲೆ ಇಳಿದು ಮೇಯುವುದು ನಮ್ಮ ಸಸ್ಕಾಚೆವಾನ್‌ನ ಹೊಲಗಳಲ್ಲಿ. ರಾತ್ರಿ ನಿಂತು ಕಳೆಯುವುದು ಪಕ್ಕದ ಸ್ಲೂಗಳ ನೀರಿನಲ್ಲಿ.

ಈಗ ಪಿನ್‌ಟೇಲ್ ಬಾತಿನ ವಿಷಯಕ್ಕೆ ಬರುತ್ತೇನೆ. ಊರಿನಲ್ಲಿ ಹಕ್ಕಿ ನೋಡುವವರಿಗೆ ಇದು ಸೂಜಿಬಾಲದ ಬಾತು. ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳಿಗೂ ಬರುತ್ತದೆ. ಅಲ್ಲಿಗೆ ಬರುವ ಹಿಂಡು ಉತ್ತರ ಏಷ್ಯಾದ್ದು, ಇಲ್ಲಿನದು ಬೇರೆ ಹಿಂಡು. ಜಾತಿ ಒಂದೇ. ಇಲ್ಲಿ 1955ರಿಂದ ಪ್ರತಿ ವಸಂತದಲ್ಲಿ ಕೆನಡಾ ಮತ್ತು ಅಮೆರಿಕ ಸೇರಿ ವಿಮಾನದಲ್ಲಿ ಹಾರಿ ಬಾತುಗಳನ್ನು ಎಣಿಸುತ್ತವೆ. 1950ರ ದಶಕದಲ್ಲಿ ಪಿನ್‌ಟೇಲ್ ಸುಮಾರು 1 ಕೋಟಿವರೆಗೂ ಇತ್ತು. ಇತ್ತೀಚಿನ ಎಣಿಕೆಗಳಲ್ಲಿ 20 ಲಕ್ಷದ ಆಸುಪಾಸು. ಐದರಲ್ಲಿ ನಾಲ್ಕು ಪಾಲು ಇಲ್ಲ. ಈ ಬಾತು ವಸಂತದಲ್ಲಿ ಎಲ್ಲರಿಗಿಂತ ಮೊದಲೇ ಬಂದು, ಕಳೆದ ವರ್ಷದ ಕೂಳೆ ಹೊಲದಲ್ಲೇ ಗೂಡು ಮಾಡುತ್ತದೆ. ಆಮೇಲೆ ಬಿತ್ತನೆಯ ಯಂತ್ರ ಬರುತ್ತದೆ. ಗೂಡು ಮಣ್ಣು ಪಾಲು. ಮತ್ತೆ ಗೂಡು ಮಾಡುವ ಚಟುವಟಿಕೆಯೂ ಇದಕ್ಕೆ ಉಳಿದ ಬಾತುಗಳಿಗಿಂತ ಕಡಿಮೆ. ಚಳಿಗಾಲಕ್ಕೆ ಮುಂಚೆಯೇ ಬಿತ್ತುವ ಗೋಧಿಯನ್ನು ರೈತರು ಹಾಕಿದರೆ ವಸಂತದಲ್ಲಿ ಹೊಲಕ್ಕೆ ಯಂತ್ರ ಇಳಿಸುವ ಅಗತ್ಯವಿಲ್ಲ, ಗೂಡು ಉಳಿಯುತ್ತದೆ. ಆದರೆ ಹತ್ತಿರದಲ್ಲಿ ಸ್ಲೂ ಇಲ್ಲದಿದ್ದರೆ ಯಾವ ಗೋಧಿ ಹಾಕಿಯೂ ಪ್ರಯೋಜನವಿಲ್ಲ. ನೀರಿಲ್ಲದ ಕಡೆ ಬಾತು ಇಳಿಯುವುದೇ ಇಲ್ಲ.

ನಮ್ಮ ಕಡೆಯ ಕೆಲವರು ಹೇಳುವುದನ್ನು ಕೇಳಿದ್ದೇನೆ: ಹಕ್ಕಿಗೋಸ್ಕರ ರೈತನಿಗೆ ಯಾಕೆ ತೊಂದರೆ ಕೊಡಬೇಕು? ನ್ಯಾಯವಾದ ಪ್ರಶ್ನೆ. ಸಮಾಧಾನವಾಗಿ ಉತ್ತರ ಹೇಳಬೇಕು.

ರೈತನ ಕಷ್ಟ ನಿಜ. ಇಲ್ಲಿನ ಬಿತ್ತನೆ ಯಂತ್ರ 60, 70 ಅಡಿ ಅಗಲ. 160 ಎಕರೆಯ ಕ್ವಾರ್ಟರ್ ಸೆಕ್ಷನ್ನಿನಲ್ಲಿ ಹತ್ತು ಸ್ಲೂ ಇದ್ದರೆ ಒಂದೊಂದನ್ನೂ ಸುತ್ತು ಹಾಕಬೇಕು. ಸುತ್ತುವಾಗ ಒಂದೇ ಜಾಗಕ್ಕೆ ಎರಡು ಸಲ ಬೀಜ, ಎರಡು ಸಲ ಗೊಬ್ಬರ ಬೀಳುತ್ತದೆ. ಡೀಸೆಲ್, ಹೊತ್ತು ಎರಡೂ ಹಾಳು. ಭೂಮಿಯ ಬೆಲೆ ಏರಿದೆ, ಸಾಲದ ಕಂತು ಕಟ್ಟಬೇಕು. ಸ್ಲೂ ಉಳಿಸಿದರೆ ಲಾಭ ಎಲ್ಲರಿಗೆ, ಖರ್ಚು ಅವನೊಬ್ಬನಿಗೆ. ಅವನ ಜಾಗದಲ್ಲಿ ನಾನಿದ್ದರೂ ಕಾಲುವೆ ತೋಡುವ ಯೋಚನೆ ಬರುತ್ತಿತ್ತು. ಅದಕ್ಕೇ ಇದನ್ನು ರೈತನ ಒಳ್ಳೆಯ ಮನಸ್ಸಿಗೆ ಬಿಟ್ಟು ನಾವು ಸುಮ್ನೆ ಕೂರಬಾರದು ಎನ್ನುವುದು.

ಇನ್ನು ಅದೇ ನೀರು ಎಲ್ಲಿಗೆ ಹೋಗುತ್ತದೆ ನೋಡಿ. ನದಿಗೆ ಸೇರದ ನೀರು ಅಂದೆನಲ್ಲ, ಕಾಲುವೆ ತೋಡಿದ ಕೂಡಲೇ ಅದು ನದಿಗೆ ಸೇರಲು ಶುರುವಾಗುತ್ತದೆ. ಕೆಳಗಿನ ಹೊಲದವನಿಗೆ ನೆರೆ. ಅವನೂ ರೈತನೇ! ಸಸ್ಕಾಚೆವಾನ್‌ನ ಪೂರ್ವದಲ್ಲಿ ಯಾರ್ಕ್‌ಟನ್ ಆಚೆ ಸ್ಮಿತ್ ಕ್ರೀಕ್ ಎಂಬ ಸಣ್ಣ ಹಳ್ಳವಿದೆ. 400 ಚದರ ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಅದರ ಜಲಾನಯನ. ಸಸ್ಕಾಚೆವಾನ್ ವಿಶ್ವವಿದ್ಯಾಲಯದ ಜಾನ್ ಪಾಮರಾಯ್ ಮತ್ತು ಅವರ ತಂಡ ಅಲ್ಲಿ ವರ್ಷಗಟ್ಟಲೆ ಅಳತೆ ಮಾಡಿದರು. 1958ರಲ್ಲಿ ಆ ನೆಲದ 24% ಜೌಗು. 2008ಕ್ಕೆ 11%. 2011ರಲ್ಲಿ ಅಲ್ಲಿ ದೊಡ್ಡ ಪ್ರವಾಹ ಬಂತು. 1958ರ ಸ್ಲೂಗಳೆಲ್ಲ ಇದ್ದಿದ್ದರೆ ಆ ಪ್ರವಾಹದ ಗರಿಷ್ಠ ಹರಿವು ಮೂರನೇ ಒಂದು ಪಾಲಿನಷ್ಟು ಇಳಿಯುತ್ತಿತ್ತು ಎಂದು ಅವರ ಲೆಕ್ಕ ಹೇಳುತ್ತದೆ. ಉಳಿದ ಸ್ಲೂಗಳನ್ನೂ ಬರಿದು ಮಾಡಿದ್ದರೆ ಆ ಗರಿಷ್ಠ ಹರಿವು 78% ಹೆಚ್ಚುತ್ತಿತ್ತು. ಒಂದು ಪುಟ್ಟ ಹಳ್ಳದ ಕಥೆ ಇದು. ಆ ನೀರು ಕೊನೆಗೆ ಅಸಿನಿಬೋಯಿನ್ ನದಿ ಸೇರಿ ವಿನಿಪೆಗ್ ನಗರದೊಳಗೆ ಹಾದು ಹೋಗುತ್ತದೆ. ವಿನಿಪೆಗ್‌ನ ಬಂಧುಗಳು ದಯವಿಟ್ಟು ಇದನ್ನು ಗಮನಿಸಿ.

ನೀರು ಒಂಟಿಯಾಗಿ ಹೋಗುವುದಿಲ್ಲ. ಹೊಲದ ಗೊಬ್ಬರದ ರಂಜಕವನ್ನೂ ಕೊಂಡೊಯ್ಯುತ್ತದೆ. ಸ್ಲೂ ಇದ್ದಾಗ ಅದರ ಬಹುಪಾಲು ಅಲ್ಲೇ ಕೆಸರಿನಲ್ಲಿ, ಜೊಂಡಿನಲ್ಲಿ ಉಳಿಯುತ್ತಿತ್ತು. ಈಗ ಅದು ವಿನಿಪೆಗ್ ಕೆರೆ ಸೇರಿ ಪಾಚಿಯಾಗುತ್ತದೆ. ಬೇಸಿಗೆಯಲ್ಲಿ ಆ ಕೆರೆಯ ದಡಕ್ಕೆ ಹೋದವರಿಗೆ ಹಸಿರು ಗಂಜಿಯಂಥ ನೀರಿನ ಪರಿಚಯ ಇರುತ್ತದೆ. 2013ರಲ್ಲಿ ಜರ್ಮನಿಯ ಗ್ಲೋಬಲ್ ನೇಚರ್ ಫಂಡ್ ಸಂಸ್ಥೆ ವಿನಿಪೆಗ್ ಕೆರೆಯನ್ನು ಆ ವರ್ಷದ ಅಪಾಯದಲ್ಲಿರುವ ಕೆರೆ ಎಂದು ಹೆಸರಿಸಿತು. ಅಯೋವಾ ಇನ್ನೂ ಮುಂದೆ ಹೋಗಿದೆ. ಆ ರಾಜ್ಯ ತನ್ನ ಜೌಗುನೆಲದ ಹತ್ತರಲ್ಲಿ ಒಂಬತ್ತು ಪಾಲನ್ನು ಕಳೆದುಕೊಂಡಿದೆ. 2025ರ ಬೇಸಿಗೆಯಲ್ಲಿ ಅದರ ರಾಜಧಾನಿ ಡೆ ಮೊಯಿನ್ ಸುತ್ತಮುತ್ತ ನದಿ ನೀರಿನಲ್ಲಿ ನೈಟ್ರೇಟ್ ವಿಪರೀತವಾಗಿ, ಹುಲ್ಲುಹಾಸಿಗೆ ನೀರು ಹಾಕುವುದನ್ನೇ ನಿಷೇಧಿಸಬೇಕಾಯಿತು. ಶುದ್ಧ ಮಾಡುವ ಘಟಕಕ್ಕೆ ಅಷ್ಟು ನೀರನ್ನು ನಿಭಾಯಿಸಲು ಆಗಲಿಲ್ಲ.

ಹಾಗಾದರೆ ಕಾನೂನು ಏನು ಮಾಡುತ್ತಿದೆ? ನನಗೆ ಸಂಕಟವಾಗುವುದು ಇಲ್ಲೇ. 1916ರಲ್ಲೇ ಕೆನಡಾದ ಪರವಾಗಿ ಬ್ರಿಟನ್ ಅಮೆರಿಕದ ಜೊತೆ ವಲಸೆ ಹಕ್ಕಿಗಳ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಕೆನಡಾ ಕಾಯ್ದೆ ಮಾಡಿತು. ಹಕ್ಕಿಯನ್ನು ಸುಮ್ಮನೆ ಕೊಲ್ಲುವಂತಿಲ್ಲ, ಗೂಡು ಕೆಡಿಸುವಂತಿಲ್ಲ. ರೆಜೈನಾದ ಉತ್ತರಕ್ಕಿರುವ ಲಾಸ್ಟ್ ಮೌಂಟನ್ ಕೆರೆಯ ಪಕ್ಷಿಧಾಮ 1887ರದು, ಇಡೀ ಉತ್ತರ ಅಮೆರಿಕದಲ್ಲೇ ಮೊದಲನೆಯದು. ಹಕ್ಕಿಗೆ ರಕ್ಷಣೆ ಇದೆ, ದೊಡ್ಡ ಕೆರೆಗೂ ಒಂದಷ್ಟು ಇದೆ. ಹೊಲದ ನಡುವಿನ ಒಂದು ಎಕರೆ ನೀರು ಮಾತ್ರ ಪ್ರಾಂತ್ಯದ ನೀರಿನ ನಿಯಮಗಳ ಕೈಯಲ್ಲಿದೆ. ಸಸ್ಕಾಚೆವಾನ್‌ನಲ್ಲಿ ಕಾಲುವೆ ತೋಡಲು ಅನುಮತಿ ಬೇಕು. ಆದರೆ ಅನುಮತಿ ಇಲ್ಲದ ಕಾಲುವೆಗಳಿಂದ ಬಸಿದ ನೆಲ 16ರಿಂದ 24 ಲಕ್ಷ ಎಕರೆ ಇರಬಹುದು ಎಂಬ ಅಂದಾಜನ್ನು 2018ರಲ್ಲಿ ಪ್ರಾಂತ್ಯದ ಆಡಿಟರ್ ವರದಿಯೇ ಮುಂದಿಟ್ಟಿತು. ಸರ್ಕಾರದ ಲೆಕ್ಕ ನೋಡುವವರ ಮಾತಿದು.

ಅಮೆರಿಕದಲ್ಲೂ ಎಲ್ಲ ಸರಿಯಿಲ್ಲ. ಆದರೆ ಅಲ್ಲಿ 1985ರಿಂದ ಒಂದು ಷರತ್ತಿದೆ. ಜೌಗು ಬರಿದು ಮಾಡಿ ಬೆಳೆ ಬೆಳೆದರೆ ರೈತನಿಗೆ ಕೇಂದ್ರದ ಕೃಷಿ ಸಹಾಯಧನ ಸಿಗುವುದಿಲ್ಲ. ಡಕೋಟಾಗಳಲ್ಲಿ ಇನ್ನೂ ಅಷ್ಟು ಸ್ಲೂ ಉಳಿದಿರಲು ಇದೂ ಒಂದು ಕಾರಣ. 1934ರಿಂದ ಅಲ್ಲಿನ ಬಾತು ಬೇಟೆಗಾರರು ಪ್ರತಿ ವರ್ಷ ಒಂದು ಸ್ಟಾಂಪ್ ಕೊಳ್ಳಲೇಬೇಕು, ಆ ಹಣದಲ್ಲಿ ಜೌಗುನೆಲ ಕೊಂಡು ಉಳಿಸುತ್ತಾರೆ. ಇನ್ನೊಂದು ಕಡೆ, 2023ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸ್ಯಾಕೆಟ್ ಪ್ರಕರಣದ ತೀರ್ಪಿನಲ್ಲಿ, ನದಿ-ಕೆರೆಗಳ ಜೊತೆ ಮೇಲ್ಮೈಯಲ್ಲೇ ಕೂಡಿಕೊಂಡಿರುವ ಜೌಗಿಗೆ ಮಾತ್ರ ಕೇಂದ್ರದ ಶುದ್ಧ ನೀರಿನ ಕಾಯ್ದೆ ಅನ್ವಯ ಎಂದಿತು. ಪಾಟ್‌ಹೋಲ್‌ಗಳು ಕೂಡಿಕೊಂಡಿರುವುದಿಲ್ಲ. ಅವು ಒಂಟಿಯಾಗಿರುವುದರಿಂದಲೇ ಪ್ರವಾಹ ತಡೆಯುತ್ತವೆ, ಹೊಲಸು ಹಿಡಿದಿಟ್ಟುಕೊಳ್ಳುತ್ತವೆ. ಯಾವ ಗುಣದಿಂದ ಅವು ಉಪಕಾರಿಯೋ ಅದೇ ಗುಣ ಕೋರ್ಟಿನಲ್ಲಿ ಅವುಗಳ ರಕ್ಷಣೆ ತೆಗೆದುಹಾಕಿತು.

ಇಷ್ಟೆಲ್ಲ ಓದಿ ಕೈಚೆಲ್ಲಬೇಡಿ. ಮನಸ್ಸು ಮಾಡಿದರೆ ಈ ಕೆಲಸ ಆಗುತ್ತದೆ ಎಂಬುದಕ್ಕೆ ಈ ನೆಲದಲ್ಲೇ ಪುರಾವೆ ಇದೆ. 1930ರ ದಶಕದ ಭೀಕರ ಬರದಲ್ಲಿ ಬಾತುಗಳು ನೆಲಕಚ್ಚಿದ್ದವು. ಆಗ ಜೌಗುನೆಲ ಉಳಿಸುವ ಡಕ್ಸ್ ಅನ್‌ಲಿಮಿಟೆಡ್ ಎಂಬ ಸಂಸ್ಥೆ ಹುಟ್ಟಿತು. ಕೆನಡಾದಲ್ಲಿ ಅದರ ಮೊದಲ ಕೆಲಸ 1938ರಲ್ಲಿ, ಮ್ಯಾನಿಟೋಬಾದ ಬಿಗ್ ಗ್ರಾಸ್ ಮಾರ್ಷ್‌ನಲ್ಲಿ. ಹಿಂದೆ ಹೊಲ ಮಾಡಲೆಂದು ಆ ಜೌಗನ್ನು ಬಸಿದಿದ್ದರು. ಬೇಸಾಯ ಸೋತಿತ್ತು. ಮತ್ತೆ ನೀರು ನಿಲ್ಲಿಸಿದರು. 1986ರಲ್ಲಿ ಕೆನಡಾ, ಅಮೆರಿಕ ಸೇರಿ ಜಲಪಕ್ಷಿಗಳ ಯೋಜನೆ ಶುರುಮಾಡಿದವು, ಮೆಕ್ಸಿಕೋ ಆಮೇಲೆ ಸೇರಿತು. 2019ರಲ್ಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ 1970ರಿಂದ ಉತ್ತರ ಅಮೆರಿಕದಲ್ಲಿ ಸುಮಾರು 300 ಕೋಟಿ ಹಕ್ಕಿಗಳು ಕಡಿಮೆಯಾದವು, ಹುಲ್ಲುಗಾವಲಿನ ಹಕ್ಕಿಗಳಂತೂ ಅರ್ಧಕ್ಕಿಳಿದವು. ಅದೇ ಅವಧಿಯಲ್ಲಿ ಬಾತು-ಹೆಬ್ಬಾತುಗಳ ಒಟ್ಟು ಸಂಖ್ಯೆ ಏರಿತು. ದುಡ್ಡು ಹಾಕಿ, ನೆಲ ಉಳಿಸಿ, ನಿಯಮ ಮಾಡಿದ ಕಡೆ ಏರಿತು. ಪಿನ್‌ಟೇಲ್‌ಗೆ ಆ ಭಾಗ್ಯ ಇನ್ನೂ ಬಂದಿಲ್ಲ.

ರೈತನಿಗೆ ಹಣ ಕೊಡುವ ದಾರಿಯೂ ಇದೆ. ಮ್ಯಾನಿಟೋಬಾದ ಬ್ಲಾನ್ಶರ್ಡ್ ಎಂಬಲ್ಲಿ 2006ರಲ್ಲಿ ಆಲಸ್ ಎಂಬ ಪ್ರಯೋಗ ಶುರುವಾಯಿತು. ಸ್ಲೂ, ಹುಲ್ಲುಗಾವಲು ಉಳಿಸಿಕೊಂಡ ರೈತನಿಗೆ ಎಕರೆಗೆ ಇಷ್ಟು ಎಂದು ಪಾವತಿ. ಇಂದು ಅದು ಹಲವು ಪ್ರಾಂತ್ಯಗಳಿಗೆ ಹಬ್ಬಿದೆ. ನನ್ನ ಅಭಿಪ್ರಾಯದಲ್ಲಿ ಇದೇ ಸರಿಯಾದ ದಾರಿ, ಆದರೆ ಇದು ದಾನಿಗಳ ಔದಾರ್ಯದ ಮೇಲೆ ನಿಲ್ಲಬಾರದು. ಪ್ರಾಂತ್ಯದ ಬಜೆಟ್ಟಿನಲ್ಲಿ ಇರಬೇಕು. ನಮ್ಮ ತೆರಿಗೆ ಅದಕ್ಕೆ ಹೋದರೆ ನನಗೆ ಸಂತೋಷ.

ಇದರಲ್ಲಿ ನಮಗೇನು ಎಂದು ಕೇಳುವವರಿಗೆ ಒಂದು ಮಾತು. ಕೆನಡಾದ ಮಸೂರ ಬೇಳೆಯ ಬಹುಪಾಲು ಬೆಳೆಯುವುದು ಸಸ್ಕಾಚೆವಾನ್‌ನಲ್ಲಿ. ಅದು, ಹಳದಿ ಬಟಾಣಿ ಎರಡೂ ಹಡಗಿನಲ್ಲಿ ಭಾರತಕ್ಕೆ ಹೋಗುತ್ತವೆ. ನಮ್ಮ ಇಲ್ಲಿನ ಅಡುಗೆಮನೆಗೂ ಬರುತ್ತವೆ. ಈ ನೆಲದ ಅನ್ನ ನಾವು ಇಲ್ಲಿಗೆ ಬರುವ ಮೊದಲೇ ಉಂಡವರು. ಇನ್ನು ಬೆಂಗಳೂರಿನವರಿಗೆ ನಾನು ಜಾಸ್ತಿ ಹೇಳಬೇಕಿಲ್ಲ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ರಾಜಕಾಲುವೆ ಮುಚ್ಚಿದ ಬಡಾವಣೆಗಳಲ್ಲಿ ಮಳೆ ಬಂದರೆ ಏನಾಗುತ್ತದೆಂದು ಅಲ್ಲಿರುವ ಅಪ್ಪ-ಅಮ್ಮ ಫೋನಿನಲ್ಲಿ ಹೇಳುತ್ತಾರೆ. ಗದಗ ಜಿಲ್ಲೆಯವರು ಮಾಗಡಿ ಕೆರೆಯನ್ನು ನೆನೆಯಲಿ. ಮಧ್ಯ ಏಷ್ಯಾದಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಆ ಕೆರೆಯಲ್ಲಿ ತಂಗಿ, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. 2024ರಲ್ಲಿ ಅದಕ್ಕೆ ಜಗತ್ತಿನ ಮುಖ್ಯ ಜೌಗುನೆಲಗಳಿಗೆ ಕೊಡುವ ರಾಮ್ಸರ್ ಮನ್ನಣೆ ಸಿಕ್ಕಿತು. ಹೊಲದ ನಡುವಿನ ನೀರು ಹಕ್ಕಿಗೂ ಸೇರಿದ್ದು ಎಂಬುದು ನಮ್ಮವರಿಗೆ ಹೊಸ ವಿಚಾರವಲ್ಲ.

ಈಗ ಕೇಳಬೇಕಾದದ್ದನ್ನು ಕೇಳುತ್ತೇನೆ. ಇಲ್ಲೂ ನಮ್ಮ ಪ್ರತಿನಿಧಿಯನ್ನು ಎಂಎಲ್‌ಎ ಅಂತಲೇ ಕರೆಯುತ್ತಾರೆ. ನಿಮ್ಮ ಎಂಎಲ್‌ಎಗೆ ಒಂದು ಪುಟದ ಪತ್ರ ಬರೆಯಿರಿ. ಹೊಸ ಕಾಲುವೆಗೆ ಅನುಮತಿ ಕೊಡುವ ಮೊದಲು ಆ ಇಡೀ ಜಲಾನಯನದಲ್ಲಿ ಎಷ್ಟು ಸ್ಲೂ ಹೋಗಿವೆ, ಎಷ್ಟು ಉಳಿದಿವೆ ಎಂದು ಎಣಿಸಿದ್ದೀರಾ ಎಂದು ಕೇಳಿ. ಒಂದೊಂದೇ ಹೊಲ ನೋಡಿ ಅನುಮತಿ ಕೊಟ್ಟರೆ ಒಟ್ಟು ನಷ್ಟ ಯಾರ ಲೆಕ್ಕಕ್ಕೂ ಬರುವುದಿಲ್ಲ. ಒಂದು ಎಕರೆಗಿಂತ ಸಣ್ಣ, ಬೇಸಿಗೆಯಲ್ಲಿ ಒಣಗುವ ಗುಂಡಿಗಳನ್ನೂ ಎಣಿಕೆಗೆ ಸೇರಿಸಿದ್ದೀರಾ ಎಂದು ಮರೆಯದೆ ಕೇಳಿ, ಯಾಕೆಂದರೆ ಯಾವ ನಿಯಮದಲ್ಲೂ ಮೊದಲು ಕೈಬಿಡುವುದು ಅವನ್ನೇ. ಉಳಿಸಿಕೊಂಡ ರೈತನಿಗೆ ಈ ವರ್ಷದ ಬಜೆಟ್ಟಿನಲ್ಲಿ ಎಷ್ಟು ಇಟ್ಟಿದ್ದೀರಿ ಎಂದೂ ಕೇಳಿ.

ಸಸ್ಕಟೂನ್‌ನವರಿಗೆ ಊರ ಅಂಚಿನಲ್ಲೇ ನಾರ್ತ್‌ಈಸ್ಟ್ ಸ್ವೇಲ್ ಎಂಬ ಜೌಗು-ಹುಲ್ಲುಗಾವಲಿನ ತಗ್ಗು ಇದೆ, ಸುತ್ತ ಬಡಾವಣೆ ಬೆಳೆಯುತ್ತಿದೆ. ನಗರಸಭೆಯಲ್ಲಿ ಅದರ ಚರ್ಚೆ ಬಂದಾಗ ನಮ್ಮವರೂ ಎದ್ದು ಮಾತಾಡಲಿ. ಮಕ್ಕಳನ್ನು ಕರೆದುಕೊಂಡು ಹೋಗಲು ವಿನಿಪೆಗ್ ಹತ್ತಿರ ಓಕ್ ಹ್ಯಾಮಕ್ ಮಾರ್ಷ್ ಇದೆ, ಕ್ಯಾಲ್ಗರಿಯ ದಕ್ಷಿಣಕ್ಕೆ ಫ್ರಾಂಕ್ ಲೇಕ್ ಇದೆ. ಮೇ ತಿಂಗಳಲ್ಲಿ ಹೋಗಿ, ದುರ್ಬೀನು ಇದ್ದರೆ ಒಳ್ಳೆಯದು.

ಮುಂದಿನ ಕೂಟಕ್ಕೆ ಖಾಲಿ ಹಾಳೆ, ಲಕೋಟೆ ತರುವ ಕೆಲಸ ನನಗೆ ಬಿಡಿ. ಊಟ ಆದ ಮೇಲೆ ಅರ್ಧ ಗಂಟೆ ಕೂತು ಎಲ್ಲರೂ ಬರೆಯೋಣ. ಇಂಗ್ಲಿಷ್ ಬರೆಯಲು ಹಿಂಜರಿಯುವ ಹಿರಿಯರು ಕನ್ನಡದಲ್ಲಿ ಹೇಳಲಿ, ಮಕ್ಕಳು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಾರೆ. ಉತ್ತರ ಬಂದರೆ ಅದರ ಮುಂದಿನ ಕೂಟದಲ್ಲಿ ಎಲ್ಲರಿಗೂ ಓದಿ ಹೇಳಿ. ಬರದಿದ್ದರೆ ಮತ್ತೆ ಬರೆಯೋಣ.

ಇಂತಿ ನಿಮ್ಮವ,
ರೆಜೈನಾದಿಂದ ಒಬ್ಬ ಕನ್ನಡಿಗ